ಬಿಳಿ ಕೋಟಿನ ಅಂಚು

ನಮ್ಮ ಅಂಗಡಿಯಲ್ಲಿ ಎಂಜಲು ಹಚ್ಚುವುದು ಕೊಳಕುತನವಲ್ಲ, ಕಸುಬು. ಹೊಲಿಯುವಾಗ ಸೂಜಿ ಚುಚ್ಚಿ ಬಿಳಿ ಬಟ್ಟೆಯ ಮೇಲೆ ಒಂದು ಹನಿ ರಕ್ತ ಬಿತ್ತೆನ್ನಿ. ಹೊಸಬರು ಓಡಿಹೋಗಿ ಸಾಬೂನು ಹುಡುಕುತ್ತಾರೆ. ಗೊತ್ತಿದ್ದವರು ಒಂದು ಗೇಣು ಬಿಳಿ ದಾರ ಕಡಿದು ಬಾಯಿಗೆ ಹಾಕಿಕೊಂಡು, ಚೆನ್ನಾಗಿ ಅಗಿದು, ಆ ಒದ್ದೆ ಉಂಡೆಯನ್ನು ಕಲೆಯ ಮೇಲೆ ಮೆಲ್ಲಗೆ ಒತ್ತುತ್ತಾರೆ. ರಕ್ತ ದಾರಕ್ಕೆ ಹತ್ತುತ್ತದೆ, ಬಟ್ಟೆ ಮೊದಲಿನಂತಾಗುತ್ತದೆ. ಆದರೆ ಯಾರ ರಕ್ತವೋ ಅವರದೇ ಎಂಜಲು ಬೇಕು. ಬೇರೆಯವರು ಬಾಯಿ ಒಣಗುವವರೆಗೆ ಉಜ್ಜಿದರೂ ಕಲೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ ಎಂದು ದರ್ಜಿಗಳು ನಂಬುತ್ತಾರೆ. ಇದು ನಿಜವೋ ಸುಳ್ಳೋ ಓದಿದವರು ಹೇಳಲಿ. ನಾನು ಕಂಡ ಮಟ್ಟಿಗೆ ಒಮ್ಮೆಯೂ ಸುಳ್ಳಾಗಿಲ್ಲ.

ನಾನು ದರ್ಜಿಯಲ್ಲ, ಇಸ್ತ್ರಿಯವನು. ಹೊಲಿದು ಮುಗಿದದ್ದೆಲ್ಲ ಕೊನೆಗೆ ನನ್ನ ಮೇಜಿಗೆ ಬರುತ್ತದೆ. ರಕ್ತದ ಮೇಲೆ ಬಿಸಿ ಇಸ್ತ್ರಿ ಆಡಿಸಿದರೆ ಕಥೆ ಮುಗಿಯಿತು, ಬಟ್ಟೆ ಹರಿದು ಚಿಂದಿಯಾದರೂ ಆ ಕಲೆ ಹೋಗುವುದಿಲ್ಲ. ಹಾಗಾಗಿ ಪ್ರತಿ ಬಟ್ಟೆಯನ್ನೂ ಒಳಗೆ ಹೊರಗೆ ತಿರುವಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿಯೇ ಇಸ್ತ್ರಿ ಇಡುತ್ತೇನೆ. ಕೆಂಪು ಚುಕ್ಕೆ ಕಂಡರೆ ಕೂತಲ್ಲಿಂದಲೇ ಅತ್ತಿಗೆಯನ್ನು ಕೂಗುತ್ತೇನೆ, ಅವಳು ದಾರ ಅಗಿಯುತ್ತಾ, ನನ್ನನ್ನು ಶಪಿಸುತ್ತಾ ಬರುತ್ತಾಳೆ.

ಅತ್ತಿಗೆ ಎಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ಅಂಗಡಿ ಅವಳದು, ಕತ್ತರಿ ಅವಳದು, ಕೊನೆಯ ಮಾತೂ ಅವಳದು. ಅವಳು ಮದುವೆಯಾಗಿ ಬಂದಾಗ ನಾನು ಚಡ್ಡಿಯಿಲ್ಲದೆ ಓಡಾಡುತ್ತಿದ್ದೆನಂತೆ. ಬಂದ ವಾರವೇ ಮನೆಯ ಹಳೇ ಪರದೆಯಲ್ಲಿ ನನಗೊಂದು ಚಡ್ಡಿ ಹೊಲಿದಳು. ಅದರ ಹಿಂಭಾಗದಲ್ಲಿ ದೊಡ್ಡದೊಂದು ಹೂವು ಬಂದಿತ್ತು, ಅದನ್ನು ಬೇಕೆಂದೇ ಅಲ್ಲಿಗೆ ಬರುವಂತೆ ಕತ್ತರಿಸಿದ್ದು ಎಂದು ಈಗಲೂ ನಗುತ್ತಾಳೆ. ಅಂಥ ಹೆಂಗಸು ಅವಳು. ನನಗೆ ತಾಯಿಯ ಮುಖ ನೆನಪಿಲ್ಲ. ಹೊಟ್ಟೆಗೆ ಹಾಕಿ, ಕಿವಿ ಹಿಂಡಿ, ಮನುಷ್ಯನನ್ನಾಗಿ ಮಾಡಿದವಳು ಇವಳು. ಹಾಗಾಗಿ ನಮ್ಮಿಬ್ಬರ ನಡುವೆ ಮರ್ಯಾದೆಯ ಮಾತಿಗೆ ಜಾಗವೇ ಉಳಿದಿಲ್ಲ.

ಅಂಗಡಿ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿದೆ. ಬಾಗಿಲ ಬೆಳಕಿಗೆ ಅವಳ ಮಷೀನು, ನಡುವೆ ಕತ್ತರಿಸುವ ಮೇಜು, ಮೂಲೆಯಲ್ಲಿ ಪರದೆ ಕಟ್ಟಿದ ಒಂದು ಕನ್ನಡಿ, ಕೊನೆಯಲ್ಲಿ ನಾನು ಮತ್ತು ನನ್ನ ಆವಿ. ರಸ್ತೆಯಾಚೆ ಆಸ್ಪತ್ರೆಯ ಹಿಂದಿನ ಗೇಟು. ಆ ಗೇಟಿನೊಳಗೆ ಓಡಾಡುವ ಬಿಳಿ ಕೋಟುಗಳಲ್ಲಿ ಬಹುಪಾಲು ಅತ್ತಿಗೆಯ ಕೈಯವು. ಯಾವ ಡಾಕ್ಟರಿಗೆ ಎಡ ಭುಜ ತಗ್ಗು, ಯಾರಿಗೆ ಬೊಜ್ಜು ಬರುತ್ತಿದೆ, ಯಾರು ಜೇಬಿನಲ್ಲಿ ಕದ್ದು ಬಿಸ್ಕತ್ತು ಇಡುತ್ತಾರೆ, ಎಲ್ಲವೂ ಅವಳಿಗೆ ಗೊತ್ತು. ಆಸ್ಪತ್ರೆಗೆ ಇವಳ ಒಳಗಿನದು ಗೊತ್ತಾಗಿದ್ದು ತಡವಾಗಿ.

ಅದು ಹೀಗಾಯಿತು. ಬೆನ್ನುನೋವಿಗೆಂದು ಅವಳು ನೋವಿನ ಮಾತ್ರೆಗಳನ್ನು ಮಿಠಾಯಿಯ ಹಾಗೆ ತಿನ್ನುತ್ತಿದ್ದಳು. ಹೊಟ್ಟೆಯೊಳಗೆ ಹುಣ್ಣಾಗಿ, ಒಂದು ಬೆಳಗ್ಗೆ ರಕ್ತ ಕಾರಿಕೊಂಡಳು. ಆಸ್ಪತ್ರೆಯಲ್ಲಿ ಮಲಗಿಸಿ ಹುಣ್ಣಿಗೆ ಔಷಧಿ ಮಾಡುತ್ತಿರುವಾಗ ಕಾಲು ಊದಿತು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದರ ಒಂದು ತುಣುಕು ಮೇಲೇರಿ ಶ್ವಾಸಕೋಶಕ್ಕೆ ಹೋಗಿ ಕೂತಿತ್ತು. ಉಸಿರಿಗೆ ಒದ್ದಾಡಿದಳು. ಕಾಲಿನ ಹೆಪ್ಪಿಗೆ ರಕ್ತ ತೆಳುವಾಗಿಸುವ ಔಷಧಿ ಕೊಡಬೇಕು. ಕೊಟ್ಟರೆ ಹೊಟ್ಟೆಯ ಹುಣ್ಣಿನಿಂದ ರಕ್ತ ಹರಿದು ಹೋಗಿಬಿಡುತ್ತಾಳೆ. ಅವಳನ್ನು ನೋಡುತ್ತಿದ್ದ ಡಾಕ್ಟರಮ್ಮ ನಡುವಿನ ದಾರಿ ಹಿಡಿದರು. ಕುತ್ತಿಗೆಯ ನಾಳದಿಂದ ಒಂದು ತಂತಿ ಇಳಿಸಿ, ಹೊಟ್ಟೆಯ ಮಟ್ಟದಲ್ಲಿರುವ ದೊಡ್ಡ ರಕ್ತನಾಳದೊಳಗೆ, ಬಟ್ಟೆಯಿಲ್ಲದ ಪುಟ್ಟ ಕೊಡೆಯಂಥ ಒಂದು ಜಾಲರಿ ಬಿಚ್ಚಿ ಕೂರಿಸಿದರು. ಕಾಲಿನಿಂದ ಹೆಪ್ಪಿನ ತುಣುಕು ಮೇಲೆ ಹೊರಟರೆ ಅಲ್ಲೇ ತಡೆದು ನಿಲ್ಲಿಸುವುದಕ್ಕೆ.

ಹುಣ್ಣು ವಾಸಿಯಾಯಿತು. ಜಾಲರಿ ತೆಗೆಯಲು ಹೋದರು, ಅದು ನಾಳದ ಗೋಡೆಗೆ ಕಚ್ಚಿಕೊಂಡು ಕೂತಿತ್ತು, ಜಪ್ಪಯ್ಯ ಎಂದರೂ ಬರಲಿಲ್ಲ. ಹೆಚ್ಚು ಎಳೆದರೆ ನಾಳವೇ ಹರಿದೀತೆಂದು ಬಿಟ್ಟರು. ಅತ್ತಿಗೆ ಬಂದು ಹೋಗುವ ಗಿರಾಕಿಗಳಿಗೆಲ್ಲ, ತನ್ನೊಳಗೆ ಒಬ್ಬ ಬಾಡಿಗೆಯವನು ಸೇರಿಕೊಂಡಿದ್ದಾನೆ, ಖಾಲಿ ಮಾಡು ಅಂದರೆ ಮಾಡುತ್ತಿಲ್ಲ ಎಂದು ಹೇಳಿಕೊಂಡು ತಿರುಗಿದಳು.

ಜಾಲರಿ ಉಳಿಯಿತು, ಅದರ ಜೊತೆಗೆ ಮಾತ್ರೆಯೂ ಬಂತು. ದಿನಕ್ಕೊಂದು, ಇಟ್ಟಿಗೆ ಬಣ್ಣದ್ದು, ಮಧ್ಯಾಹ್ನದ ಊಟದ ಜೊತೆ, ನಿಲ್ಲಿಸುವ ಮಾತಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಹಳೆಯ ಕಾಲದ ಮಾತ್ರೆಗಾದರೆ ಆಗಾಗ ರಕ್ತ ಪರೀಕ್ಷೆ ಮಾಡಿಸಿ, ಸರಿಯಾಗಿ ತಗೊಂಡಿದ್ದಾರೋ ಇಲ್ಲವೋ ನೋಡುತ್ತಿದ್ದರಂತೆ. ಇದು ಹೊಸದು, ಅಂಥ ಪರೀಕ್ಷೆ ಬೇಕಿಲ್ಲ. ಡಾಕ್ಟರಮ್ಮ ಅದನ್ನು ಅನುಕೂಲವೆಂದು ಹೇಳಿದರು. ಅತ್ತಿಗೆಯ ಕಣ್ಣು ಮಿನುಗಿದ್ದನ್ನು ನಾನು ಆಗಲೇ ಗಮನಿಸಬೇಕಿತ್ತು.

ಪರೀಕ್ಷೆಯ ಕೊರತೆಯನ್ನು ಅವಳ ಮಗಳು ತುಂಬಿದಳು. ಅವಳು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಸಂಜೆ ಮನೆಗೆ ಬಂದ ಮೇಲೂ ಕಲಿಸುತ್ತಾಳೆ. ಅಮ್ಮನ ಕೈಚೀಲದಿಂದ ಮಾತ್ರೆಯ ಹಾಳೆ ತೆಗೆದು, ಇವತ್ತಿನ ಗುಳಿ ಖಾಲಿಯಾಗಿದೆಯೋ ಎಂದು ನೋಡದೆ ಚಪ್ಪಲಿ ಬಿಡುವವಳಲ್ಲ. ಗುಳಿ ದಿನವೂ ಖಾಲಿಯಿರುತ್ತಿತ್ತು.

ಮೊದಮೊದಲು ಅತ್ತಿಗೆ ನಿಜವಾಗಿಯೂ ನುಂಗುತ್ತಿದ್ದಳು. ನನಗೆ ಗೊತ್ತು, ಯಾಕೆಂದರೆ ನನ್ನ ಮೇಜಿನ ಮೇಲೆ ಅದರ ಪುರಾವೆ ಬೀಳುತ್ತಿತ್ತು. ಮೊದಲೆಲ್ಲ ಸೂಜಿ ಚುಚ್ಚಿದರೆ ಬೆರಳನ್ನು ಒಮ್ಮೆ ಬಾಯಿಗಿಟ್ಟುಕೊಂಡರೆ ಮುಗಿಯುತ್ತಿತ್ತು. ಮಾತ್ರೆ ಶುರುವಾದ ಮೇಲೆ ಸಣ್ಣ ಚುಚ್ಚೂ ಹಟ ಹಿಡಿದು ಜಿನುಗುತ್ತಿತ್ತು. ಕಾಲರಿಗೊಂದು, ತೋಳಿಗೊಂದು, ಗುಂಡಿಯ ಹಿಂದೊಂದು ಚುಕ್ಕೆ. ನಾನು ಕೂಗಿ ಕೂಗಿ ಸೋತೆ, ಅವಳು ಅಗಿದು ಅಗಿದು ಸೋತಳು. ದಾರದ ಉಂಡೆಗಳಲ್ಲೇ ತನ್ನ ಅರ್ಧ ಸಂಪಾದನೆ ಹೋಗುತ್ತಿದೆ, ಇನ್ನರ್ಧ ನನ್ನ ಊಟಕ್ಕೆ ಹೋಗುತ್ತಿದೆ ಎಂದು ಗೊಣಗಿದಳು.

ಹೀಗಿರುವಾಗ ಒಂದು ಕೋಟು ಆಸ್ಪತ್ರೆಯಿಂದ ವಾಪಸ್ ಬಂತು. ಜೇಬಿನ ಒಳಬದಿಯಲ್ಲಿ, ನನ್ನ ಕಣ್ಣಿಗೂ ಬೀಳದ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಕಲೆ. ಹಿಡಿದುಕೊಂಡು ಬಂದವನು ಅಲ್ಲಿಯ ಉಗ್ರಾಣದವನು. ಬಾಗಿಲಲ್ಲೇ ನಿಂತು, ನಾಲ್ಕು ಗಿರಾಕಿಗಳ ಎದುರಿಗೆ ಹೇಳಿದ:

"ರಕ್ತ ನಮ್ಮಲ್ಲೇ ಬೇಕಾದಷ್ಟಿದೆ ಅಮ್ಮಾ. ನೀವೂ ಹಾಕಿ ಕಳಿಸೋದೇನೂ ಬೇಡ."

ಗಿರಾಕಿಗಳು ನಕ್ಕರು. ನಾನೂ ನಕ್ಕೆ, ಮಾತು ಚೆನ್ನಾಗಿತ್ತು. ಅತ್ತಿಗೆ ಮಾತ್ರ ನಗಲಿಲ್ಲ. ಯಾವ ಮಾತಿಗೂ ಎದುರುತ್ತರ ಇಟ್ಟುಕೊಂಡಿರುವ ಹೆಂಗಸು ಕೋಟು ಇಸಿದುಕೊಂಡು, ಜೇಬು ಬಿಚ್ಚಿ, ಹೊಸ ಜೇಬು ಕೂರಿಸಿ ಕೊಟ್ಟಳು.

ನನಗೆ ಅಯ್ಯೋ ಎನ್ನಿಸಿತು. ಪೇಟೆಗೆ ಹೋಗಿ ಬೆರಳಿಗೆ ತೊಡಿಸುವ ಲೋಹದ ಟೊಪ್ಪಿಯೊಂದನ್ನು ತಂದುಕೊಟ್ಟೆ. ಸೂಜಿ ತಗಲದಿರಲೆಂದು ದರ್ಜಿಗಳೆಲ್ಲ ಹಾಕುತ್ತಾರೆ. ಅತ್ತಿಗೆ ಜನ್ಮದಲ್ಲಿ ಹಾಕಿದವಳಲ್ಲ. ಕೈಗೆ ಚೀಲ ಕಟ್ಟಿಕೊಂಡು ಮಗುವಿನ ಕೆನ್ನೆ ಮುಟ್ಟಲಾಗುತ್ತದೆಯೇ, ಬಟ್ಟೆಯೂ ಹಾಗೇ ಎನ್ನುವುದು ಅವಳ ವಾದ. ಈ ಸಲ ಮೂಗು ಮುರಿಯಲಿಲ್ಲ. ತೆಗೆದುಕೊಂಡು, ನನ್ನ ತಲೆ ಸವರಿ, ನಿನಗೂ ಬುದ್ಧಿ ಬಂತಲ್ಲ ಎಂದಳು.

ಮರುವಾರದಿಂದ ಕಲೆಗಳು ನಿಂತವು. ಕಾಲರು ಬಿಳಿ, ತೋಳು ಬಿಳಿ, ಗುಂಡಿಯ ಹಿಂದೂ ಬಿಳಿ. ತಿಂಗಳುಗಟ್ಟಲೆ ಒಂದು ಚುಕ್ಕೆಯಿಲ್ಲ. ನಾನು ಉಬ್ಬಿಹೋದೆ. ಎಲ್ಲ ನನ್ನ ಟೊಪ್ಪಿಯ ಮಹಿಮೆ ಎಂದು ಬೀದಿಯ ಮೂರೂ ದರ್ಜಿ ಅಂಗಡಿಗಳಲ್ಲಿ ಕೊಚ್ಚಿಕೊಂಡು ಬಂದೆ, ಅದನ್ನು ಎಲ್ಲಿ ಕೊಳ್ಳಬೇಕೆಂದು ವಿಳಾಸ ಬೇರೆ ಕೊಟ್ಟೆ. ಟೊಪ್ಪಿ ಅವಳ ಬೆರಳ ಮೇಲಿದೆಯೇ ಎಂದು ಒಂದು ಸಲವೂ ನೋಡಲಿಲ್ಲ. ನಾನು ಬಟ್ಟೆ ನೋಡುವವನು, ಬೆರಳು ನೋಡುವವನಲ್ಲ.

ಡಾಕ್ಟರಮ್ಮನ ಹೊಸ ಕೋಟು ನನ್ನ ಮೇಜಿಗೆ ಬಂದದ್ದು ಆ ಸಮಯದಲ್ಲೇ. ಅವರು ಬಿರುಗಾಳಿಯ ಹಾಗೆ ನಡೆಯುವವರು. ಕೋಟಿನ ಕೆಳಭಾಗ ಹಾರಾಡಿ ರೋಗಿಗಳ ತಟ್ಟೆ ಲೋಟ ಬೀಳಿಸುತ್ತದೆ, ಏನಾದರೂ ಮಾಡಿ ಎಂದಿದ್ದರು. ಅಂಚಿಗೆ ಸ್ವಲ್ಪ ಭಾರ ಕೊಟ್ಟರೆ ಸರಿಹೋಗುತ್ತದೆ ಎಂದು ಅತ್ತಿಗೆ ಒಪ್ಪಿಕೊಂಡಿದ್ದಳು. ಸಾಮಾನ್ಯವಾಗಿ ಅದಕ್ಕೆ ಸೀಸದ ಚಪ್ಪಟೆ ಬಿಲ್ಲೆ ಇಟ್ಟು ಹೊಲಿಯುತ್ತಾರೆ.

ನಾನು ಕೋಟು ತಿರುವಿ ನೋಡಿದೆ, ಸ್ವಚ್ಛವಾಗಿತ್ತು. ಆವಿ ಬಿಟ್ಟು ಅಂಚಿನ ಮೇಲೆ ಇಸ್ತ್ರಿ ಎಳೆದೆ. ಇಸ್ತ್ರಿ ಎಡವಿತು. ಎತ್ತಿ ನೋಡಿದರೆ ಅಂಚಿನ ಒಳಬದಿಯಲ್ಲಿ ಕೆಂಪಗೆ ಒಂದು ಚುಕ್ಕೆ. ನನಗೆ ಖುಷಿಯೇ ಆಯಿತೆನ್ನಬೇಕು, ಎಷ್ಟೋ ದಿನದ ಮೇಲೆ ಅವಳನ್ನು ಕೂಗಲು ಒಂದು ನೆಪ ಸಿಕ್ಕಿತ್ತು. ಅತ್ತಿಗೆ, ಬಂದು ನಿನ್ನ ಪ್ರಸಾದ ಹಚ್ಚು ಎಂದು ಕೂಗಿದೆ.

ಅವಳು ಎಂದಿನಂತೆ ಬೈಯುತ್ತಾ ಬರಲಿಲ್ಲ. ಬಂದವಳು ಕೋಟನ್ನು ಕಿತ್ತುಕೊಳ್ಳಲು ನೋಡಿದಳು, ಆಮೇಲೆ ತಾನೇ ತೊಳೆದು ತರುತ್ತೇನೆ ಎಂದಳು. ನಾನು ಬಿಡಲಿಲ್ಲ. ದಾರ ಕಡಿದು ಕೈಗಿಟ್ಟೆ. ವಿಧಿಯಿಲ್ಲದೆ ಅಗಿದು ಒತ್ತಿದಳು. ಕಲೆ ಹೋಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಬೀಟ್‌ರೂಟಿನ ನೀರಿನ ಹಾಗೆ ಸುತ್ತಲೂ ಹರಡಿತು.

ಅವಳ ರಕ್ತ ಅವಳ ಎಂಜಲಿಗೆ ಬಗ್ಗಲಿಲ್ಲ ಎಂದರೆ ಅದು ಅವಳ ರಕ್ತವಲ್ಲ. ಅಂಗಡಿಯಲ್ಲಿ ಹೊಲಿಯುವವರು ಬೇರೆ ಯಾರೂ ಇಲ್ಲ. ನಾನು ಅಂಚನ್ನು ಬೆರಳಲ್ಲಿ ಒತ್ತಿ ನೋಡಿದೆ. ಸೀಸದ ಬಿಲ್ಲೆ ಇಷ್ಟು ಪುಟ್ಟದಾಗಿರುವುದಿಲ್ಲ, ಇಷ್ಟು ಗುಂಡಗೂ ಇರುವುದಿಲ್ಲ, ಆವಿಗೆ ಬಣ್ಣ ಬಿಡುವುದಂತೂ ಇಲ್ಲವೇ ಇಲ್ಲ. ಹೊಲಿಗೆ ಬಿಚ್ಚಿದೆ. ಇಟ್ಟಿಗೆ ಬಣ್ಣದ ಮಾತ್ರೆಯೊಂದು ಮೇಜಿನ ಮೇಲೆ ಉರುಳಿತು. ಪಕ್ಕಕ್ಕೆ ಬೆರಳು ಜರುಗಿಸಿದೆ, ಇನ್ನೊಂದು. ಅದರ ಪಕ್ಕ ಮತ್ತೊಂದು. ಕೋಟಿನ ಸುತ್ತಳತೆ ಪೂರ್ತಿ, ಒಂದೊಂದಕ್ಕೂ ಪುಟ್ಟ ಗೂಡು ಮಾಡಿ, ಅಂದವಾಗಿ ಸಾಲು ಕೂರಿಸಿದ್ದಳು. ಕೈಕೆಲಸ ನೋಡಿ ಮೆಚ್ಚಬೇಕು, ಅಷ್ಟು ಸೊಗಸಾಗಿತ್ತು.

ಆಗ ಹೊಳೆಯಿತು. ಕಲೆ ನಿಂತದ್ದು ಟೊಪ್ಪಿಯಿಂದಲ್ಲ. ರಕ್ತ ಮತ್ತೆ ಮೊದಲಿನ ಹಾಗೆ ಗಟ್ಟಿಯಾಗಿ, ಬೆರಳ ಗಾಯ ತಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಬೆರಳಲ್ಲಿ ಮುಚ್ಚಿಕೊಳ್ಳುವ ರಕ್ತ ಕಾಲಿನೊಳಗೂ ಕಟ್ಟಿಕೊಳ್ಳುತ್ತದೆ ಎಂದು ತಿಳಿಯಲು ನಾನು ಡಾಕ್ಟರಾಗಬೇಕಿರಲಿಲ್ಲ. ಅವಳು ಸಾಯಬಹುದಿತ್ತು, ನಾನು ಬೀದಿಯಲ್ಲಿ ಟೊಪ್ಪಿ ಹೊಗಳಿಕೊಂಡು ತಿರುಗುತ್ತಿದ್ದೆ. ಟೊಪ್ಪಿ ಎಲ್ಲಿ ಎಂದು ಕೇಳಿದೆ. ಮಷೀನಿಗೆ ಹಾಕುವ ಎಣ್ಣೆ ಡಬ್ಬಿಯ ಮೂತಿಗೆ ಮುಚ್ಚಳ ಮಾಡಿಟ್ಟಿದ್ದಳು.

ಸಿಕ್ಕಿಬಿದ್ದವಳು ನಾಚಿಕೊಳ್ಳುವ ಬದಲು ವಾದಕ್ಕೆ ನಿಂತಳು.

"ಒಳಗೆ ಜಾಲರಿ ಇದೆಯಲ್ಲೋ. ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿದ ಮೇಲೆ ಹೊಗೆ ಹಾಕ್ಕೊಂಡು ಯಾಕೆ ಕೆಮ್ಮಬೇಕು?"

"ಹಾಗಾದ್ರೆ ಡಾಕ್ಟರಮ್ಮಂಗೇ ಕೇಳೋಣ ಬಾ."

"ಅವರಿಗೆ ಹೇಳಿದ್ರೆ ನನ್ನಾಣೆ. ನೀನು ಬಾಯಿ ಬಿಟ್ಟರೆ ನಾನು ಸತ್ತಷ್ಟೇ ಆಣೆ."

ಸಾಯುವ ದಾರಿ ಹಿಡಿದವಳು ಸಾವಿನ ಆಣೆ ಇಡುವುದು ನೋಡಿ. ಮಗಳಿಗೂ ಹೇಳಕೂಡದು ಎಂದು ಅದಕ್ಕೆ ಸೇರಿಸಿದಳು. ಕಸದ ಬುಟ್ಟಿಗೆ ಎಸೆಯಬಹುದಿತ್ತಲ್ಲ ಎಂದರೆ, ಬೆಲೆಬಾಳುವ ವಸ್ತು ಎಸೆಯಲು ಮನಸ್ಸು ಬರಲಿಲ್ಲವಂತೆ. ಅಲ್ಲದೆ ಡಾಕ್ಟರಮ್ಮ ಕೊಟ್ಟದ್ದನ್ನು ಡಾಕ್ಟರಮ್ಮನಿಗೇ ಮರಳಿಸುವುದರಲ್ಲಿ ಒಂದು ನ್ಯಾಯವಿದೆಯಂತೆ. ನಾನು ಊಟವಾದ ಮೇಲೆ ಇಸ್ತ್ರಿ ಮೇಜಿನ ಕೆಳಗೆ ಒಂದು ನಿದ್ದೆ ತೆಗೆಯುತ್ತೇನೆ. ಹೊಲಿಗೆ ನಡೆದದ್ದು ಆಗ, ನನ್ನ ಗೊರಕೆಯ ತಾಳಕ್ಕೆ. ಒಂದು ಸಲ ಒಗೆದರೆ ಕೋಟಿನ ತುಂಬಾ ಕೆಂಪಾಗುತ್ತದಲ್ಲೇ ಎಂದೆ. ಅದೊಂದು ಹೊಳೆದಿರಲಿಲ್ಲ ಎಂದು ಒಪ್ಪಿಕೊಂಡಳು. ತಪ್ಪೊಪ್ಪಿಗೆ ಅಷ್ಟಕ್ಕೇ ಮುಗಿಯಿತು.

ಆದರೆ ಕೊನೆಗೆ ದನಿ ಇಳಿಸಿ ಒಂದು ಮಾತು ಹೇಳಿದಳು. "ಅವನು ಎಲ್ಲರೆದುರಿಗೆ ಹಾಗಂದ ಕಣೋ. ಇಷ್ಟು ವರ್ಷಕ್ಕೆ ಒಂದು ಕೋಟು ವಾಪಸ್ ಬಂದಿರಲಿಲ್ಲ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಒಂದು ಸಾಸಿವೆ ಕಾಳಿಗೆ ಇವಳು ತನ್ನನ್ನೇ ಒತ್ತೆಯಿಟ್ಟಿದ್ದಳು. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಈ ಆರ್ಡರ್ ಮುಗಿಯಲಿ, ಆಮೇಲೆ ಮಾತ್ರೆ ನುಂಗುತ್ತೇನೆ ಎಂದು ಅವಳೂ ಮಾತು ಕೊಟ್ಟಳು. ಆಸ್ಪತ್ರೆಯ ಆರ್ಡರ್ ಯಾವ ಕಾಲಕ್ಕೂ ಮುಗಿಯುವಂಥದ್ದಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಬಾಯಿ ಬಿಡಬಾರದೆಂದು ನನಗೆ ಆಣೆಯಿತ್ತು. ಕೋಟು ಬಾಯಿ ಬಿಡಬಾರದೆಂದು ಅದಕ್ಕೆ ಯಾರೂ ಆಣೆ ಹಾಕಿಸಿರಲಿಲ್ಲ. ಉರುಳಿದ ಮಾತ್ರೆಗಳನ್ನು ಮತ್ತೆ ಗೂಡಿಗೇ ಸೇರಿಸಿ, ಬಿಚ್ಚಿದ ಹೊಲಿಗೆಯನ್ನು ನಾನೇ ಕೂತು, ಕೆಟ್ಟದಾಗಿ, ಮತ್ತೆ ಹಾಕಿದೆ. ಅದಕ್ಕೂ ಮೊದಲೇ ಹರಡಿದ ಬಣ್ಣವನ್ನು ತಣ್ಣೀರಲ್ಲಿ ತೊಳೆದಿದ್ದೆ. ಆಮೇಲೆ ರಸ್ತೆ ದಾಟಿ ಹೋಗಿ, ಕೋಟಿನ ಭುಜ ಒಮ್ಮೆ ಹಾಕಿ ನೋಡಬೇಕಂತೆ, ಇವತ್ತೇ ಬರಬೇಕಂತೆ ಎಂದು ಡಾಕ್ಟರಮ್ಮನಿಗೆ ಹೇಳಿ ಬಂದೆ. ಅಂಚಿನಲ್ಲಿ ಅಷ್ಟು ಮಾತ್ರೆ ಕಟ್ಟಿಕೊಂಡ ಡಾಕ್ಟರಿಗೆ ಏನಾದರೂ ಗೊತ್ತಾಗದೆ ಇರುತ್ತದೆಯೇ ಎಂದು ನನ್ನ ಲೆಕ್ಕ.

ಅವರು ಬರುತ್ತಿರುವುದು ಬಾಗಿಲಿಂದ ಕಂಡಾಗ ಅತ್ತಿಗೆ ಹೌಹಾರಿದಳು. ಅಂಚು ಬಿಚ್ಚಲು ಕತ್ತರಿ ಹುಡುಕಿದಳು. ಕತ್ತರಿ ನನ್ನ ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಂಡಾಗಿತ್ತು. ಚಿಕ್ಕ ಕತ್ತರಿಗೆ ಕೈಹಾಕಿದಳು, ಅದೂ ನನ್ನಲ್ಲೇ ಇತ್ತು. ಬ್ಲೇಡು, ಸೂಜಿ, ಎಲ್ಲ ನನ್ನ ಜೇಬಿನಲ್ಲಿದ್ದವು. ಕುಳಿತರೆ ನನಗೇ ಅಪಾಯ. ಅವಳು ನನ್ನನ್ನು ನೋಡಿದ ನೋಟಕ್ಕೆ ಇಸ್ತ್ರಿ ಬೇಕಿರಲಿಲ್ಲ, ಬಟ್ಟೆ ಹಾಗೇ ಸುಟ್ಟುಹೋಗುತ್ತಿತ್ತು.

ಡಾಕ್ಟರಮ್ಮ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಆ ಕಡೆ ನಡೆದರು, ಈ ಕಡೆ ನಡೆದರು. ಅಂಚು ಗಂಭೀರವಾಗಿ ತೂಗಿತು. ಎಷ್ಟು ಚೆನ್ನಾಗಿ ಕೂತಿದೆ, ಹಾರುವುದೇ ಇಲ್ಲ ಎಂದು ಹೊಗಳಿದರು. ನನ್ನ ಲೆಕ್ಕ ತಲೆಕೆಳಗಾಯಿತು. ಅತ್ತಿಗೆಯ ಮುಖದಲ್ಲಿ ಗೆಲುವು ಮೂಡಿತು. ಮಾತ್ರೆ ಸರಿಯಾಗಿ ನಡೆದಿದೆಯೇ ಎಂದು ಅವರು ವಾಡಿಕೆಯಂತೆ ಕೇಳಿದರು. ಅತ್ತಿಗೆ ಅವರ ಭುಜಕ್ಕೆ ಗುಂಡುಸೂಜಿ ಚುಚ್ಚುತ್ತಾ, ಒಂದು ದಿನವೂ ಬಿಟ್ಟಿಲ್ಲ, ಒಂದೂ ಎಲ್ಲೂ ಬಿದ್ದುಹೋಗಿಲ್ಲ ಎಂದಳು. ಅಕ್ಷರಶಃ ಸತ್ಯ.

ನಾನು ಹಿಂದಿನಿಂದ ಕೆಮ್ಮಿದೆ. ಇಸ್ತ್ರಿಯನ್ನು ಬೇಕೆಂದೇ ಸದ್ದು ಮಾಡಿ ಇಟ್ಟೆ. ಡಾಕ್ಟರಮ್ಮ ನನಗೆ ಕೆಮ್ಮಿನ ಔಷಧಿ ಹೇಳಿದರು.

ಕೆಲಸ ಮುಗಿದು ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದಳು. ಆಗ ಡಾಕ್ಟರಮ್ಮ ಕನ್ನಡಿಯಲ್ಲೇ ಅವಳ ಕಾಲು ನೋಡಿದರು. ಬಲಗಾಲಿನಲ್ಲಿ ಚಪ್ಪಲಿಯಿತ್ತು, ಎಡಗಾಲು ಬರಿಗಾಲು. ದಿನವೆಲ್ಲ ಮಷೀನಿನ ಹಿಂದೆ ಮರೆಯಾಗಿರುವ ಕಾಲು ಅದು. ಹೊಸ ಚಪ್ಪಲಿ ಕಚ್ಚುತ್ತದೆ ಎಂದು ಒಂದು ವಾರದಿಂದ ಹೇಳುತ್ತಿದ್ದಳು. ಡಾಕ್ಟರಮ್ಮ ತಿರುಗಿ, ಅಲ್ಲೇ ಸಿಮೆಂಟು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಅವಳ ಪಾದ ಹಿಡಿದರು.

ಅವರು ಕೂತ ಕೂಡಲೆ ಕೋಟಿನ ಅಂಚು ನೆಲಕ್ಕೆ ತಗಲಿ ಟಕಟಕಟಕ ಎಂದಿತು. ನಾನು ಹಾಕಿದ ಕೆಟ್ಟ ಹೊಲಿಗೆ ಬಿಟ್ಟುಕೊಂಡು ಮಾತ್ರೆಗಳು ಒಂದೊಂದಾಗಿ ಕನ್ನಡಿಯ ಕಡೆಗೆ ಉರುಳಿದವು.

ಡಾಕ್ಟರಮ್ಮ ಒಂದನ್ನು ಹೆಕ್ಕಿ ಬೆಳಕಿಗೆ ಹಿಡಿದು ನೋಡಿದರು, ಅಂಚನ್ನು ಕೈಯಿಂದ ಸವರಿಕೊಂಡು ಹೋದರು. ಅವರ ತುಟಿಯ ಕೊನೆ ಒಂದು ಕ್ಷಣ ಅಲುಗಿತು, ನಕ್ಕೇಬಿಡುತ್ತಾರೆ ಎಂದುಕೊಂಡೆ. ನಗಲಿಲ್ಲ. ಹೆಬ್ಬೆರಳಿನಿಂದ ಅವಳ ಕಾಲನ್ನು ಒತ್ತಿದರು. ಒತ್ತಿದ ಜಾಗದಲ್ಲಿ ಗುಳಿ ಬಿದ್ದು ಹಾಗೇ ಉಳಿಯಿತು.

"ಉಸಿರು ಕಟ್ಟುತ್ತಾ?" ಎಂದು ಕೇಳಿದರು.

ಇಲ್ಲವೆಂದು ಅತ್ತಿಗೆ ತಲೆಯಾಡಿಸಿದಳು. ಆಗ ಅವಳ ಮುಖ ನೋಡಿದೆ. ಜೀವಮಾನದಲ್ಲಿ ಮೊದಲ ಸಲ ಅವಳು ಹೆದರಿದ್ದಳು. ಡಾಕ್ಟರಮ್ಮ ಫೋನು ಮಾಡಿದರು. ಗಾಲಿಕುರ್ಚಿ ರಸ್ತೆ ದಾಟಿ ಬಂತು. ತಂದವನು ಬೇರೆ ಯಾರೂ ಅಲ್ಲ, ಉಗ್ರಾಣದವನು. ಬೇರೆ ಆಳು ಸಿಗದೆ ಅವನನ್ನೇ ಅಟ್ಟಿದ್ದರು. ಅಂಥ ಹೊತ್ತಿನಲ್ಲೂ ಅತ್ತಿಗೆ, ರಕ್ತ ವಾಪಸ್ ಕೊಡೋಕೆ ಬರ್ತಿದೀನಪ್ಪಾ ಎಂದಳು. ಅವನಿಗೆ ಅರ್ಥವಾಗಲಿಲ್ಲ. ಅವಳಿಗೆ ಸಮಾಧಾನವಾಯಿತು.

ಕಾಲಿನ ಸ್ಕ್ಯಾನು, ಹೊಟ್ಟೆಯ ಸ್ಕ್ಯಾನು ಎಲ್ಲ ಆಯಿತು. ಹೊರಗೆ ಬೆಂಚಿನ ಮೇಲೆ ನಾನು ಮತ್ತು ಅವಳ ಮಗಳು ಕೂತಿದ್ದೆವು. ಮಗಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಹಾಳೆಯ ಗುಳಿ ನೋಡಿದೆ, ಹೊಟ್ಟೆಗೆ ಹೋಯಿತೋ ಎಂದು ನೋಡಲಿಲ್ಲವಲ್ಲ ಎಂದು. ನನಗೆ ಆ ಪರದೆಯ ಚಡ್ಡಿ ನೆನಪಾಗುತ್ತಿತ್ತು. ಇವಳು ಹೋದರೆ ನನ್ನನ್ನು ‘ಏನೋ’ ಎಂದು ಕರೆಯುವವರು ಈ ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ ಎನ್ನಿಸಿ, ಬಾಯಿಗೆ ಟವಲು ಒತ್ತಿಕೊಂಡು ಅತ್ತೆ.

ಕಾಲಿನಲ್ಲಿ ಹೊಸ ಹೆಪ್ಪು ಇತ್ತು. ಅದರ ಒಂದು ತುಣುಕು ಮೇಲಕ್ಕೆ ಹೊರಟು ಜಾಲರಿಯಲ್ಲಿ ಸಿಕ್ಕಿಕೊಂಡಿತ್ತು. ಅತ್ತಿಗೆ ಅದನ್ನು ಕೇಳಿದ್ದೇ, ನೋಡಿದಿರಾ, ಜಾಲರಿ ತಡೆಯುತ್ತದೆ ಎಂದು ನಾನು ಹೇಳಲಿಲ್ಲವೇ ಎಂಬ ಮುಖ ಮಾಡಿದಳು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು.

"ಜಾಲರಿ ಅದರ ಕೆಲಸ ಮಾಡಿದೆ," ಎಂದರು. "ನೀವು ನಿಮ್ಮ ಕೆಲಸ ಮಾಡಿಲ್ಲ. ಅದು ಹೆಪ್ಪನ್ನ ತಡೆದು ಹಿಡಿಯುತ್ತೆ ಅಷ್ಟೆ, ಹುಟ್ಟದ ಹಾಗೆ ಮಾಡಲ್ಲ. ವರ್ಷಗಟ್ಟಲೆ ಒಳಗೇ ಇದ್ರೆ ಅದರ ಮೇಲೂ ರಕ್ತ ಕಟ್ಟಿಕೊಳ್ಳುತ್ತೆ. ಅದು ಪೂರ್ತಿ ಕಟ್ಟಿಕೊಂಡು ನಿಂತರೆ ಎರಡೂ ಕಾಲು ಊದಿ, ನಿಮ್ಮ ಮಷೀನು ತುಳಿಯೋಕೆ ನಾನು ಬರಬೇಕಾಗುತ್ತೆ."

ಅತ್ತಿಗೆ ಆ ದೃಶ್ಯವನ್ನು ಊಹಿಸಿಕೊಂಡಳೆಂದು ಕಾಣುತ್ತದೆ. "ನಿಮಗೆ ನೇರ ಹೊಲಿಗೆ ಬರಲ್ಲ ಬಿಡಿ," ಎಂದಳು, ಕಣ್ಣಲ್ಲಿ ನೀರಿತ್ತು.

ಮೊದಲು ಸೂಜಿಮದ್ದು, ಆಮೇಲೆ ಅದೇ ಇಟ್ಟಿಗೆ ಬಣ್ಣದ ಮಾತ್ರೆ ಶುರುವಾಯಿತು. ಹೊಟ್ಟೆಯ ಹುಣ್ಣು ಮರುಕಳಿಸದಂತೆ ಅದಕ್ಕೊಂದು ಜೊತೆಗಾರ ಮಾತ್ರೆ. ನೋವಿನ ಮಾತ್ರೆ ಮುಟ್ಟಕೂಡದು, ಗಂಟೆಗಟ್ಟಲೆ ಕೂತಲ್ಲೇ ಕೂರಕೂಡದು, ಎದ್ದು ಅಂಗಡಿಯ ಉದ್ದಕ್ಕೂ ಅಡ್ಡಾಡಬೇಕು, ಮಲ ಕಪ್ಪಗಾದರೆ ಓಡಿ ಬರಬೇಕು ಎಂದು ಡಾಕ್ಟರಮ್ಮ ತಾಕೀತು ಮಾಡಿದರು. ವರ್ಷಕ್ಕೊಮ್ಮೆಯಾದರೂ ಬಂದು, ಮಾತ್ರೆ ಮೈಗೆ ಒಗ್ಗುತ್ತಿದೆಯೇ, ಮುಂದುವರಿಸಬೇಕೇ ಎಂದು ಕೂತು ಮಾತಾಡಬೇಕು. ಬೇಡವೆನ್ನಿಸಿದರೆ ತಮ್ಮ ಮುಖಕ್ಕೇ ಹೇಳಬೇಕು, ಕೋಟಿಗಲ್ಲ ಎಂದರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. ಇನ್ನು ಮೇಲೆ ಈ ಅಂಗಡಿಯ ಕೋಟು ಬಂದರೆ ತಾವು ಮೊದಲು ನೋಡುವುದು ಅಂಚನ್ನೇ.

ಅಂಗಡಿಗೆ ಮರಳಿದ ಮೇಲೆ ಮಧ್ಯಾಹ್ನದ ನನ್ನ ನಿದ್ದೆಗೆ ಕುತ್ತು ಬಂತು. ಮಾತ್ರೆ ನಾಲಿಗೆಯ ಮೇಲೆ, ನೀರು ಗಂಟಲಿಗೆ, ಆಮೇಲೆ ಬಾಯಿ ತೆರೆದು ನನಗೆ ತೋರಿಸಬೇಕು. ಇದು ಮಗಳ ಆಜ್ಞೆ. ಅತ್ತಿಗೆ ಬಾಯಿ ತೆರೆದಾಗಲೆಲ್ಲ ನಾಲಿಗೆ ಚಾಚಿ ನನ್ನನ್ನು ಅಣಕಿಸುತ್ತಾಳೆ. ಲೋಹದ ಟೊಪ್ಪಿಯನ್ನು ಎಣ್ಣೆ ಡಬ್ಬಿಯಿಂದ ಬಿಡಿಸಿ ಬೆರಳಿಗೆ ಹಾಕಿಕೊಂಡಿದ್ದಾಳೆ. ಅದರಿಂದ ನನ್ನ ತಲೆಗೆ ಕುಟ್ಟಲು ಅನುಕೂಲವಂತೆ. ಸೂಜಿ ಈಗ ಟೊಪ್ಪಿಯಿಲ್ಲದ ಬೆರಳನ್ನು ಹುಡುಕಿಕೊಂಡು ಹೋಗಿ ಚುಚ್ಚುತ್ತದೆ.

ಡಾಕ್ಟರಮ್ಮನ ಕೋಟಿನ ಅಂಚು ಕೆಂಪು ಬಣ್ಣ ಹಿಡಿದು ಹಾಳಾಗಿತ್ತು. ಅತ್ತಿಗೆ ಅವರಿಗೆ ಹೊಸದೊಂದನ್ನು ಹೊಲಿದಳು, ಈ ಸಲ ಸೀಸದ ಬಿಲ್ಲೆ ಇಟ್ಟು. ಅದು ನನ್ನ ಮೇಜಿಗೆ ಬಂದಾಗ ನಾನು ಎಂದಿನಂತೆ ಕಾಲರು, ತೋಳು, ಜೇಬಿನ ಒಳಗು ತಿರುವಿ ನೋಡಿದೆ. ಕೊನೆಗೆ ಅಂಚು ಮಗುಚಿದೆ. ಒಳಬದಿಯಲ್ಲಿ, ಯಾರಿಗೂ ಕಾಣದ ಕಡೆ, ಸಾಸಿವೆ ಕಾಳಿನಷ್ಟು ಒಂದು ಕೆಂಪು ಚುಕ್ಕೆ.

ನನ್ನ ಜೀವ ತಂಪಾಯಿತು. ರಕ್ತ ಕಂಡು ಇಷ್ಟು ಸಂತೋಷಪಟ್ಟ ಮನುಷ್ಯ ಇನ್ನೊಬ್ಬನಿರಲಾರ. ಜೋರಾಗಿ ಅತ್ತಿಗೆಯನ್ನು ಕೂಗಿದೆ. ಅವಳು ದಾರ ಅಗಿಯುತ್ತಾ, ನನ್ನ ವಂಶವನ್ನೆಲ್ಲ ಬೈಯುತ್ತಾ ಬಂದಳು. ಬಗ್ಗಿ ಚುಕ್ಕೆಯನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಬಾಯಿಂದ ದಾರದ ಉಂಡೆ ತೆಗೆದು ಕಿಟಕಿಯಾಚೆ ಎಸೆದಳು.

"ಇರಲಿ ಬಿಡು," ಎಂದಳು. "ಅವರು ಮೊದಲು ಅಂಚು ನೋಡ್ತಾರಂತಲ್ಲ. ನೋಡಲಿ."

ಅವಳು ಹೋಗಿ ಮಷೀನಿನ ಮುಂದೆ ಕೂತಳು. ನಾನು ಇಸ್ತ್ರಿಯನ್ನು ಚೆನ್ನಾಗಿ ಕಾಯಿಸಿದೆ, ಆ ಚುಕ್ಕೆಯ ಮೇಲೆ ಇಟ್ಟು, ಇನ್ನೆಂದೂ ಹೋಗದ ಹಾಗೆ ಒತ್ತಿ ಹಿಡಿದೆ.